ಸಗಣಿ, ಕುಂಕುಮ, ಊದುಬತ್ತಿ, ಮುಡಿ: ಶೀಲಾ ಗೌಡರ ಕಲೆ



ಸಗಣಿ. ಕುಂಕುಮ. ಊದುಬತ್ತಿಯ ಹಿಟ್ಟು. ದೇವರಿಗೆ ಕೊಟ್ಟ ಮುಡಿ. ಇವುಗಳ ಪರಿಚಯವನ್ನು ನಿಮಗೆ ಮಾಡಿಕೊಡಬೇಕಾಗಿಲ್ಲ. ಇವುಗಳಿಂದಲೇ ಕಲಾಕೃತಿ ಕಟ್ಟಿದ ಒಬ್ಬ ಕಲಾವಿದೆಯ ಬಗ್ಗೆ ಇವತ್ತು ಮಾತಾಡುತ್ತೇನೆ.

ಅವರ ಹೆಸರು ಶೀಲಾ ಗೌಡ. ಹುಟ್ಟಿದ್ದು 1957ರಲ್ಲಿ, ಭದ್ರಾವತಿಯಲ್ಲಿ. ನೆಲೆಸಿರುವುದು ಬೆಂಗಳೂರಿನಲ್ಲಿ. ಹಡಪದ್ ಮೇಷ್ಟ್ರು ಕಟ್ಟಿ ಬೆಳೆಸಿದ ಕೆನ್ ಕಲಾಶಾಲೆಯಲ್ಲಿ ಚಿತ್ರಕಲೆ ಕಲಿತರು. ಶಾಂತಿನಿಕೇತನದಲ್ಲಿ ಓದಿದರು. ಕೆ.ಜಿ. ಸುಬ್ರಹ್ಮಣ್ಯನ್ ಅವರಂಥ ಗುರುಗಳ ಪಾಠ ಕೇಳಿದರು. ಆಮೇಲೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್ ಸೇರಿ, 1986ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಇಷ್ಟೂ ಕಾಲ ಅವರು ಕಲಿತದ್ದು ಬಣ್ಣ, ಕುಂಚ, ಕ್ಯಾನ್ವಾಸು.

ಆಮೇಲೆ ಅವರ ಕೆಲಸ ಕ್ಯಾನ್ವಾಸಿನ ಚೌಕಟ್ಟು ದಾಟಿತು. ನೆಲಕ್ಕಿಳಿಯಿತು. ಗೋಡೆಯ ಮೇಲೆ ಹರಿದಾಡಿತು. ಚಿತ್ರ, ಶಿಲ್ಪ, ಹೊಲಿಗೆ, ಕಟ್ಟಡ ಎಲ್ಲವೂ ಅದರೊಳಗೆ ಬಂದು ಸೇರಿದವು. ಅವರನ್ನು ಚಿತ್ರಕಲಾವಿದೆ ಎಂದರೂ ಸಾಲದು, ಶಿಲ್ಪಿ ಎಂದರೂ ಸಾಲದು. ಪ್ರತಿಷ್ಠಾಪನಾ ಕಲೆ ಎಂಬ ಮಾತನ್ನು ವಿಮರ್ಶಕರು ಬಳಸುತ್ತಾರೆ. ಆ ಚರ್ಚೆ ಇವತ್ತು ನಮಗೆ ಬೇಡ.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ಶೀಲಾ ಗೌಡರು ನಂಬಿಕೆಯ ವಿಷಯ ಎತ್ತಿಕೊಂಡಾಗ ದೇವರ ಚಿತ್ರ ಬರೆಯುವುದಿಲ್ಲ. ಗುಡಿ ಗೋಪುರ ಕಟ್ಟುವುದಿಲ್ಲ. ನಂಬಿಕೆಯ ವಸ್ತುವನ್ನೇ ತಂದಿಡುತ್ತಾರೆ. ಆ ವಸ್ತುವನ್ನು ತಟ್ಟಿದ, ಹೊಸೆದ, ಕತ್ತರಿಸಿದ ಕೈಗಳು ನಮಗೆ ನೆನಪಾಗುವ ಹಾಗೆ ಇಡುತ್ತಾರೆ. ಭಕ್ತಿಯ ಜೊತೆಗೆ ದುಡಿಮೆಯೂ ಎದ್ದು ಕಾಣುತ್ತದೆ.

ಮೊದಲು ಸಗಣಿಯ ಮಾತು.

ನಮ್ಮ ಹಳ್ಳಿಗಳಲ್ಲಿ ಸಗಣಿಗೆ ಎಷ್ಟು ಕೆಲಸ! ಬೆಳಗಾಗೆದ್ದು ಅಂಗಳ ಸಾರಿಸುವುದು ಅದರಿಂದ. ಕಣ ಬಳಿಯುವುದು ಅದರಿಂದ. ಗೋಡೆಗೆ ತಟ್ಟಿ ಒಣಗಿಸಿದರೆ ಬೆರಣಿ, ಒಲೆಗೆ ಉರುವಲು. ಹಬ್ಬ ಬಂತೆಂದರೆ ಅದೇ ಸಗಣಿಯ ಉಂಡೆಗೆ ಗರಿಕೆ ಸಿಕ್ಕಿಸಿ, ಕುಂಕುಮ ಇಟ್ಟು, ಬೆನಕ ಎಂದು ಕೈಮುಗಿಯುತ್ತೇವೆ. ಧನುರ್ಮಾಸದಲ್ಲಿ ರಂಗೋಲಿಯ ನಡುವೆ ಸಗಣಿ ಉಂಡೆ ಇಟ್ಟು, ಅದರ ನೆತ್ತಿಗೆ ಕುಂಬಳದ ಹೂವು ಮುಡಿಸುತ್ತೇವೆ. ಹೀಗೆ ಅದು ಉರುವಲೂ ಹೌದು, ದೇವರೂ ಹೌದು. ಅದನ್ನು ಬಾಚುವ, ಬುಟ್ಟಿಯಲ್ಲಿ ಹೊರುವ, ತಟ್ಟುವ ಕೆಲಸ ಬಹುಪಾಲು ಹೆಂಗಸರದು.

1992ರ ಡಿಸೆಂಬರ್‌ನಲ್ಲಿ ಅಯೋಧ್ಯೆಯ ಬಾಬರಿ ಮಸೀದಿಯನ್ನು ಕೆಡವಲಾಯಿತು. ಅದರ ಬೆನ್ನಿಗೆ ಮುಂಬೈಯಲ್ಲಿ, ದೇಶದ ಇನ್ನೂ ಹಲವೆಡೆ ಗಲಭೆಗಳಾದವು. ಸಾವಿರಾರು ಮನೆಗಳಲ್ಲಿ ಗೋಳು ಕೇಳಿಸಿತು. ಆ ದಿನಗಳಲ್ಲಿ ನಮ್ಮ ದೇಶದ ಅನೇಕ ಕಲಾವಿದರು ತಮ್ಮನ್ನು ತಾವೇ ಕೇಳಿಕೊಂಡರು: ಈ ಕಾಲದ ನೋವನ್ನು ಹೇಳಲು ನಮ್ಮ ಹಳೆಯ ಸಾಧನ ಸಾಕೇ? ಶೀಲಾ ಗೌಡರು ಸಗಣಿಯನ್ನು ಕೈಗೆತ್ತಿಕೊಂಡದ್ದು ಆ ಹೊತ್ತಿನಲ್ಲಿ.

ಯಾಕೆ ಸಗಣಿ? ಆಗ ಹಸುವಿನ ಹೆಸರು ರಾಜಕೀಯದ ಘೋಷಣೆಗಳಲ್ಲಿ ಕೇಳಿಬರುತ್ತಿತ್ತು. ನಂಬಿಕೆ ದೊಡ್ಡ ದನಿಯಲ್ಲಿ, ಕೋಪದಲ್ಲಿ ಮಾತಾಡುತ್ತಿತ್ತು. ಅದೇ ಹಸುವಿನ ಸಗಣಿ ಮಾತ್ರ ಕೊಟ್ಟಿಗೆಯಲ್ಲಿ ಹೆಂಗಸರ ಕೈಯಲ್ಲಿತ್ತು. ಅದರಲ್ಲಿ ಹಿಂಸೆಯಿಲ್ಲ. ಯಾರನ್ನೂ ಹೊರಗಿಡುವ ಗುಣವಿಲ್ಲ. ಶೀಲಾ ಗೌಡರು ಅದನ್ನು ಮೊದಲು ಚಿತ್ರಗಳ ಮೇಲೆ ಬಳಿದರು. ಆಮೇಲೆ ಇಟ್ಟಿಗೆಯಾಗಿ, ಬೆರಣಿಯಾಗಿ, ಉಂಡೆಯಾಗಿ ರೂಪಿಸಿದರು. ಸಗಣಿಯ ಕಂದು ಬಣ್ಣದ ಪಕ್ಕದಲ್ಲಿ ಕುಂಕುಮದ ಕೆಂಪನ್ನು ಇಟ್ಟರು. ಇಟ್ಟಿಗೆಗಳ ನಡುವೆ ಗಾರೆಯ ಜಾಗದಲ್ಲಿ ಕೆಂಪು ಕಂಡರೆ ನೋಡುವವರಿಗೆ ಹಣೆಯ ಬೊಟ್ಟೂ ನೆನಪಾಗುತ್ತದೆ, ಗಾಯವೂ ನೆನಪಾಗುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದು ಕಲಾವಿದೆ ಹೇಳುವುದಿಲ್ಲ.

ಸಗಣಿಯ ವಿಷಯ ಹೇಳಿದ್ದಾಯಿತು. ಪೂಜೆಯ ವಸ್ತು, ದುಡಿಮೆಯ ವಸ್ತು, ಎರಡೂ ಒಂದೇ ಎಂಬುದು ಅಲ್ಲಿ ಕಂಡಿತು. ಈಗ ಕುಂಕುಮ, ದಾರ, ಸೂಜಿಗೆ ಬರೋಣ.

1990ರ ದಶಕದ ಕೊನೆಯಲ್ಲಿ ಶೀಲಾ ಗೌಡರು ಒಂದು ಕೃತಿ ಮಾಡಿದರು. ‘ನನ್ನ ನೋವನ್ನು ಅವನಿಗೆ ಹೇಳು’ ಎಂಬ ಅರ್ಥದ ಇಂಗ್ಲಿಷ್ ಹೆಸರು ಅದಕ್ಕಿದೆ. ಆಮೇಲಿನ ವರ್ಷಗಳಲ್ಲಿ ಅದನ್ನು ಮತ್ತೆ ಮತ್ತೆ ಹೊಸದಾಗಿ ಕಟ್ಟಿದರು. ಅದನ್ನು ಮಾಡಿದ ಬಗೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಬಗೆ ತಿಳಿಯದೆ ಕೃತಿ ತಿಳಿಯುವುದಿಲ್ಲ.

ಒಂದು ಹೊಲಿಗೆ ಸೂಜಿ. ಒಂದು ಉದ್ದನೆಯ ದಾರ. ಎಷ್ಟು ಉದ್ದ? ನೂರಾರು ಅಡಿ. ಸೂಜಿಯ ಕಣ್ಣಿನಲ್ಲಿ ದಾರ ಪೋಣಿಸಬೇಕು. ಎಳೆಯಬೇಕು. ಎಳೆಯುತ್ತಲೇ ಇರಬೇಕು. ದಾರದ ನಟ್ಟನಡುವಿಗೆ ಸೂಜಿ ಬಂದು ನಿಲ್ಲುವವರೆಗೂ ಎಳೆಯಬೇಕು. ಆಗ ದಾರ ಎರಡೆಳೆಯಾಗುತ್ತದೆ. ಇದು ಒಂದು ಸೂಜಿಯ ಕೆಲಸ. ಆಮೇಲೆ ಇನ್ನೊಂದು ಸೂಜಿ, ಇನ್ನೊಂದು ದಾರ. ಹೀಗೆ ಹತ್ತಾರು ಸಲ. ಎಲ್ಲ ಎಳೆಗಳನ್ನೂ ಒಟ್ಟು ಸೇರಿಸಿ, ಅಂಟು ಕಲಸಿದ ಕುಂಕುಮವನ್ನು ಕೈಯಿಂದಲೇ ಸವರಬೇಕು. ಉದ್ದಕ್ಕೂ ಸವರಬೇಕು. ಆಗ ಎಳೆಗಳೆಲ್ಲ ಅಂಟಿಕೊಂಡು ಒಂದು ಕೆಂಪು ಹುರಿಯಾಗುತ್ತದೆ. ಹುರಿಯ ತುದಿಯಲ್ಲಿ ಆ ಸೂಜಿಗಳೆಲ್ಲ ಗೊಂಚಲಾಗಿ ತೂಗಾಡುತ್ತವೆ.

ಕೇಳುಗರೇ, ಈಗ ಒಂದು ಬಿಳಿಯ ಗೋಡೆಯ ಕೋಣೆಯನ್ನು ಮನಸ್ಸಿಗೆ ತಂದುಕೊಳ್ಳಿ. ಆ ಕೆಂಪು ಹುರಿ ಗೋಡೆಯ ಮೇಲಿಂದ ಇಳಿಯುತ್ತದೆ. ನೆಲದಲ್ಲಿ ಸುತ್ತುತ್ತದೆ. ಮತ್ತೆ ಮೇಲೇರುತ್ತದೆ. ಬಾಗಿ, ಜೋತು, ಗಂಟುಗಂಟಾಗಿ ಕೋಣೆಯ ತುಂಬ ಹರಡುತ್ತದೆ. ಕೆಲವರಿಗೆ ಅದು ರಕ್ತನಾಳದಂತೆ ಕಂಡಿದೆ. ಕೆಲವರಿಗೆ ಹೊಕ್ಕುಳಬಳ್ಳಿಯಂತೆ. ನನಗೆ ಮೊದಲು ನೆನಪಾಗುವುದು ನಮ್ಮ ಹರಕೆಗಳು. ಜಾತ್ರೆಯಲ್ಲಿ ಬಾಯಿಬೀಗ ಹಾಕಿಸಿಕೊಳ್ಳುವವರನ್ನು ನೀವು ನೋಡಿರಬಹುದು. ಕೆನ್ನೆಗೆ ಲೋಹ ಚುಚ್ಚಿಸಿಕೊಂಡು, ಮಾತು ನಿಲ್ಲಿಸಿ, ದೇವಿಯ ಮುಂದೆ ನಡೆಯುತ್ತಾರೆ. ನೋವನ್ನು ಬಾಯಿಂದ ಹೇಳದೆ ಮೈಯಿಂದ ಹೇಳುವುದು ಅದು. ಈ ಕೃತಿಗೂ ಬಾಯಿಬೀಗಕ್ಕೂ ಸಂಬಂಧವಿದೆ ಎಂದು ಕಲಾವಿದೆ ಹೇಳಿದ್ದಾರೆಂದು ನಾನು ಹೇಳುತ್ತಿಲ್ಲ. ಇದು ನನಗೆ ಹೊಳೆದದ್ದು.

ಆದರೆ ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ಇಲ್ಲಿ ನೋವು ಇರುವುದು ಕೆಂಪು ಬಣ್ಣದಲ್ಲಿ ಮಾತ್ರವಲ್ಲ, ಆ ಎಳೆಯುವ ಕೆಲಸದಲ್ಲಿ. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದಿನವಿಡೀ ಕೂತು ಹೊಲಿಯುವ ಹೆಣ್ಣುಮಕ್ಕಳು, ಮನೆಯಲ್ಲಿ ರವಿಕೆಗೆ ಗುಂಡಿ, ಸೀರೆಗೆ ಕುಚ್ಚು ಹಾಕಿ ದುಡಿಯುವವರು, ಇವರಿಗೆ ಈ ಕೃತಿಯನ್ನು ವಿವರಿಸಿ ಹೇಳಬೇಕಾಗಿಲ್ಲ. ಬೆರಳ ತುದಿ ಒರಟಾಗುವುದು, ಕಣ್ಣು ಸೋಲುವುದು ಏನೆಂದು ಅವರಿಗೆ ಗೊತ್ತು.

ಇದುವರೆಗೆ ಸಗಣಿ ಆಯಿತು, ಕುಂಕುಮದ ಹುರಿ ಆಯಿತು. ಎರಡರಲ್ಲೂ ವಸ್ತು ಉಳಿಯುತ್ತದೆ. ಇನ್ನು ಹೇಳುವ ಕೃತಿಯಲ್ಲಿ ವಸ್ತು ಸುಟ್ಟುಹೋಗುತ್ತದೆ.

ಊದುಬತ್ತಿ ಹೇಗೆ ತಯಾರಾಗುತ್ತದೆ ಎಂಬುದನ್ನು ನೋಡಿದ್ದೀರಾ? ಇದ್ದಿಲ ಪುಡಿ ಬೇಕು. ಜಿಗಟು ಬರುವ ಒಂದು ಮರದ ತೊಗಟೆಯ ಪುಡಿ ಬೇಕು. ನೀರು ಹಾಕಿ ನಾದಬೇಕು. ಗಿಣ್ಣುದ್ದದ ಕಪ್ಪು ಮುದ್ದೆ ತೆಗೆದುಕೊಂಡು, ಮಣೆಯ ಮೇಲಿಟ್ಟ ಬಿದಿರು ಕಡ್ಡಿಗೆ ಅಂಗೈಯಿಂದ ಹೊಸೆಯಬೇಕು. ಒಂದು ಕಡ್ಡಿಗೆ ಕೆಲವೇ ಕ್ಷಣ. ದಿನಕ್ಕೆ ಸಾವಿರಾರು ಕಡ್ಡಿ. ಕೂಲಿ ಸಾವಿರ ಕಡ್ಡಿಗೆ ಇಷ್ಟು ಎಂಬ ಲೆಕ್ಕದಲ್ಲಿ. ಈಗ ಯಂತ್ರಗಳು ಬಂದಿವೆ. ಆದರೂ ಬೆಂಗಳೂರು, ಮೈಸೂರಿನ ಎಷ್ಟೋ ಬೀದಿಗಳಲ್ಲಿ ಮನೆಯಲ್ಲೇ ಕೂತು ಈ ಕೆಲಸ ಮಾಡಿದ ಹೆಂಗಸರಿದ್ದಾರೆ. ಅವರಲ್ಲಿ ಮುಸ್ಲಿಂ ಹೆಂಗಸರೂ ಬಹಳ. ನಾವು ದೇವರ ಮುಂದೆ ಹಚ್ಚಿದ ಕಡ್ಡಿಯನ್ನು ಹೊಸೆದವರು ನಮ್ಮ ದೇವರನ್ನು ಪೂಜಿಸುವವರೇ ಆಗಿರಬೇಕಿಲ್ಲ. ಹೊಗೆಗೆ ಅದರ ಲೆಕ್ಕವಿಲ್ಲ.

ಶೀಲಾ ಗೌಡರು ಆ ಕಪ್ಪು ಹಿಟ್ಟನ್ನೇ ತೆಗೆದುಕೊಂಡರು. ಕಡ್ಡಿಯಿಲ್ಲದೆ, ಬರೀ ಹಿಟ್ಟನ್ನು ನಾದಿ, ಉರುಳಿಸಿ, ಬಗೆಬಗೆಯ ಆಕಾರ ಕೊಟ್ಟರು. ಮೇಜಿನಂಥ ಚೌಕಟ್ಟುಗಳಿಗೆ ಲೋಹದ ಜಾಲರಿ ಬಿಗಿದು, ಅದರ ಮೇಲೆ ಆ ಆಕಾರಗಳನ್ನು ಹರಡಿದರು. ಆಮೇಲೆ ಬೆಂಕಿ ಹಚ್ಚಿದರು. ಉರಿ ಏಳಲಿಲ್ಲ. ಊದುಬತ್ತಿ ಹೇಗೆ ಉರಿಯುತ್ತದೋ ಹಾಗೆ, ತುದಿಯಲ್ಲಿ ಒಂದು ಕೆಂಡದ ಚುಕ್ಕಿ ನಿಧಾನವಾಗಿ ಮುಂದೆ ಸಾಗಿತು. ಕಪ್ಪು ಹೋಗಿ ಬೂದು ಬಂತು. ಕೊನೆಗೆ ಉಳಿದದ್ದು ಬೂದಿ. ಆದರೆ ಬೂದಿ ಕುಸಿಯಲಿಲ್ಲ. ಮೊದಲಿದ್ದ ಆಕಾರದಲ್ಲೇ ನಿಂತಿತು. ಮುಟ್ಟಿದರೆ, ಜೋರಾಗಿ ಗಾಳಿ ಬೀಸಿದರೆ ಹೋಗುವಂಥದ್ದು.

ಈ ಕೃತಿ 2007ರಲ್ಲಿ ಜರ್ಮನಿಯ ಕಾಸೆಲ್ ಪಟ್ಟಣದ ಡಾಕ್ಯುಮೆಂಟಾ ಪ್ರದರ್ಶನದಲ್ಲಿತ್ತು. ಐದು ವರ್ಷಕ್ಕೊಮ್ಮೆ ನಡೆಯುವ, ಜಗತ್ತಿನ ಕಲಾವಿದರೆಲ್ಲ ಎದುರುನೋಡುವ ಪ್ರದರ್ಶನ ಅದು. ಕೃತಿಯ ಹೆಸರು ‘ಕೊಲ್ಯಾಟರಲ್’. ಯುದ್ಧದಲ್ಲಿ ಗುರಿಯಿಟ್ಟವರ ಜೊತೆಗೆ ಏನೂ ಅರಿಯದವರು ಸತ್ತಾಗ, ಸೇನೆಯವರು ಆ ಸಾವುಗಳಿಗೆ ಇದೇ ಪದವನ್ನು ಹಚ್ಚಿ ಮುಗಿಸುತ್ತಾರೆ. ಮೇಲಿನಿಂದ ಬಗ್ಗಿ ನೋಡಿದರೆ ಆ ಬೂದಿಯ ಹರಹು ಸುಟ್ಟ ಊರಿನಂತೆ, ವಿಮಾನದಿಂದ ಕಂಡ ನೆಲದಂತೆ ತೋರುತ್ತದೆ. ಮೂಗಿಗೆ ಮಾತ್ರ ದೇವರ ಮನೆಯ ನೆನಪು. ಆ ಎರಡು ಅನುಭವಗಳನ್ನು ಒಂದೇ ಜಾಲರಿಯ ಮೇಲೆ ತಂದಿರುವುದು ಸಣ್ಣ ಸಾಧನೆಯಲ್ಲ. 1992ರಲ್ಲಿ ಸಗಣಿಯಿಂದ ಶುರುವಾದ ಯೋಚನೆ ಇಲ್ಲಿ ಇನ್ನೂ ಆಳಕ್ಕಿಳಿದಿದೆ ಎಂದು ನಾನು ತಿಳಿಯುತ್ತೇನೆ. ನಂಬಿಕೆಯ ಹೊಗೆಯೂ ದ್ವೇಷದ ಹೊಗೆಯೂ ಏಳುವುದು ಒಂದೇ ಆಕಾಶಕ್ಕೆ.

ಸಗಣಿ, ಕುಂಕುಮ, ಊದುಬತ್ತಿ ಮೂರೂ ಆದವು. ಈ ಮೂರನ್ನೂ ನಾವು ಹೊರಗಿನಿಂದ ತರುತ್ತೇವೆ. ನಾಲ್ಕನೆಯದು ನಮ್ಮ ಮೈಯಲ್ಲೇ ಬೆಳೆಯುವಂಥದ್ದು. ಮುಡಿ.

ಮುಡಿ ಕೊಡುವ ಹರಕೆ ನಮ್ಮಲ್ಲಿ ಯಾರಿಗೆ ತಿಳಿಯದು? ಮಗುವಿಗೆ ಕಾಯಿಲೆ ವಾಸಿಯಾದರೆ, ಕೋರ್ಟಿನ ವ್ಯಾಜ್ಯ ಗೆದ್ದರೆ, ಮಳೆ ಬೆಳೆ ಚೆನ್ನಾಗಿ ಆದರೆ ಮುಡಿ ಕೊಡುತ್ತೇವೆಂದು ಹೇಳಿಕೊಳ್ಳುತ್ತಾರೆ. ತಿರುಪತಿಗೆ ಹೋಗುತ್ತಾರೆ. ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುತ್ತಾರೆ. ನಂಜನಗೂಡಿಗೆ ಹೋಗುತ್ತಾರೆ. ಗಂಡಸು, ಹೆಂಗಸು, ಮಗು ಒಬ್ಬರ ಪಕ್ಕ ಒಬ್ಬರು ಕೂತು ತಲೆ ಒಡ್ಡುತ್ತಾರೆ. ಕೂದಲು ನೆಲಕ್ಕೆ ಬಿದ್ದ ಕೂಡಲೇ ಹರಕೆ ತೀರಿತು. ಭಕ್ತರು ಸ್ನಾನ ಮಾಡಿ, ನೆತ್ತಿಗೆ ಗಂಧ ಹಚ್ಚಿಕೊಂಡು ದರ್ಶನಕ್ಕೆ ನಡೆಯುತ್ತಾರೆ.

ಆ ಕೂದಲು ಎಲ್ಲಿಗೆ ಹೋಯಿತು? ಯಾರೋ ಗುಡಿಸಿದರು. ಯಾರೋ ಉದ್ದ, ಗಿಡ್ಡ ಎಂದು ಬೇರೆ ಮಾಡಿದರು. ದೊಡ್ಡ ಕ್ಷೇತ್ರಗಳಲ್ಲಿ ಅದನ್ನು ಹರಾಜು ಹಾಕುತ್ತಾರೆ. ಹೆಂಗಸರ ನೀಳ ಕೂದಲಿಗೆ ಒಳ್ಳೆಯ ಬೆಲೆ. ಅದು ವಿಗ್ ತಯಾರಿಕೆಗೆ ಹೊರದೇಶಗಳಿಗೆ ಹೋಗುತ್ತದೆ. ಗಿಡ್ಡ ಕೂದಲಿಗೆ ಅಷ್ಟು ಬೆಲೆಯಿಲ್ಲ. ಅದನ್ನು ಹೊಸೆದು ಹಗ್ಗ ಮಾಡುತ್ತಾರೆ. ಆ ಹಗ್ಗವನ್ನು ನೀವು ನೋಡಿದ್ದೀರಿ. ಲಾರಿ, ಟ್ಯಾಕ್ಸಿ, ಕಾರಿನ ಬಂಪರಿಗೆ ದೃಷ್ಟಿ ತಾಗದಿರಲೆಂದು ಕಪ್ಪಗೆ ಕಟ್ಟಿರುತ್ತಾರಲ್ಲ, ಅದೇ. ಒಬ್ಬರು ಹರಕೆ ತೀರಿಸಿ ಬಿಟ್ಟುಬಂದ ಕೂದಲು ಇನ್ನೊಬ್ಬರ ವಾಹನವನ್ನು ಕಾಯುತ್ತದೆ. ಕೊಟ್ಟವರು ಯಾರೆಂದು ಕಟ್ಟಿಕೊಂಡವರಿಗೆ ಗೊತ್ತಿಲ್ಲ. ಈ ಪಯಣದಲ್ಲಿ ಎರಡು ನಂಬಿಕೆಗಳ ನಡುವೆ ಒಂದು ಮಾರುಕಟ್ಟೆ ಇದೆ, ಹತ್ತಾರು ಜನರ ಕೂಲಿ ಇದೆ.

ಬೆಂಗಳೂರಿನ ರಸ್ತೆಯಲ್ಲಿ ದಿನವೂ ಕಾಣುವ ಈ ಸಂಗತಿಯನ್ನು ಶೀಲಾ ಗೌಡರು 2009ರಲ್ಲಿ ವೆನಿಸ್ ನಗರದ ದ್ವೈವಾರ್ಷಿಕ ಕಲಾಪ್ರದರ್ಶನಕ್ಕೆ ಒಯ್ದರು. ಕೃತಿಯ ಹೆಸರು ‘ಬಿಹೋಲ್ಡ್’. ಕೂದಲ ಹಗ್ಗ ಸುಮಾರು ನಾಲ್ಕು ಕಿಲೋಮೀಟರು. ಅದರ ಜೊತೆಗೆ ಕಾರಿನ ಹೊಳೆಯುವ ಉಕ್ಕಿನ ಬಂಪರುಗಳು, ಸುಮಾರು ಇಪ್ಪತ್ತು. ಇಷ್ಟೇ ಸಾಮಗ್ರಿ.

ಅದರ ಜೋಡಣೆಯನ್ನು ಹೇಳುತ್ತೇನೆ, ಕೇಳಿ. ರಸ್ತೆಯಲ್ಲಿ ಬಂಪರು ಹಗ್ಗವನ್ನು ಹೊತ್ತಿರುತ್ತದೆ. ಇಲ್ಲಿ ಹಗ್ಗವೇ ಬಂಪರನ್ನು ಹೊತ್ತಿದೆ. ಗೋಡೆಯ ಮೇಲಿಂದ ಕೂದಲ ಹಗ್ಗಗಳು ದಟ್ಟವಾಗಿ ಇಳಿಬಿದ್ದಿವೆ. ಅವುಗಳ ಕುಣಿಕೆಯಲ್ಲಿ ಉಕ್ಕಿನ ಬಂಪರುಗಳು ತೂಗುತ್ತಿವೆ. ಮಿಕ್ಕ ಹಗ್ಗ ಕಪ್ಪು ರಾಶಿಯಾಗಿ ನೆಲದಲ್ಲಿ ಬಿದ್ದಿದೆ. ಕೂದಲೆಳೆ ಎಂದರೆ ಅತಿ ಸಪೂರ, ಅತಿ ದುರ್ಬಲ ಎಂದು ನಮ್ಮ ಮಾತಿನಲ್ಲೇ ಇದೆ. ಅಂಥ ಎಳೆಗಳು ಸಾವಿರಾರು ಜನರ ತಲೆಯಿಂದ ಬಂದು, ಸೇರಿ ಹೊಸೆದುಕೊಂಡು, ಉಕ್ಕನ್ನು ಹೊರುತ್ತವೆ. ಆ ಹಗ್ಗದಲ್ಲಿ ಯಾವ ಜಾತಿಯವರ ಕೂದಲು ಎಲ್ಲಿ ಮುಗಿದು ಯಾರದು ಎಲ್ಲಿ ಶುರುವಾಯಿತು ಎಂದು ಯಾರೂ ಹೇಳಲಾರರು. ಮುಂದೆ ಈ ಕೃತಿ ಲಂಡನ್ನಿನ ಟೇಟ್ ಸಂಗ್ರಹಾಲಯ ಸೇರಿತು.

ನಮ್ಮಲ್ಲಿ ಬಿದ್ದ ಕೂದಲನ್ನು ಮೈಲಿಗೆ ಎನ್ನುತ್ತಾರೆ. ಊಟದಲ್ಲಿ ಒಂದೆಳೆ ಸಿಕ್ಕರೆ ತಟ್ಟೆ ಸರಿಸುತ್ತಾರೆ. ದೇವರಿಗೆ ಕೊಟ್ಟರೆ ಅದೇ ಕಾಣಿಕೆ. ಹೀಗೆ ಒಂದೇ ವಸ್ತು ಮಡಿ, ಮೈಲಿಗೆ ಎರಡೂ ಕಡೆ ಓಡಾಡುವ ಜಾಗವನ್ನು ಶೀಲಾ ಗೌಡರು ಹುಡುಕಿ ಹಿಡಿಯುತ್ತಾರೆ. ಸಗಣಿಯಲ್ಲೂ ಅದನ್ನೇ ಹಿಡಿದರು. ಕ್ಷೌರಿಕನ ಕತ್ತಿಯಿಲ್ಲದೆ ಈ ಹರಕೆ ತೀರದು. ಆದರೆ ಹರಕೆಯ ಕಥೆ ಹೇಳುವಾಗ ನಾವು ಅವನನ್ನು ನೆನೆಯುವುದು ಕಡಿಮೆ. ಹನ್ನೆರಡನೆಯ ಶತಮಾನದಲ್ಲೇ ಕಾಯಕಕ್ಕೂ ಭಕ್ತಿಗೂ ಗಂಟುಹಾಕಿದ ನಾಡು ನಮ್ಮದು. ಆದ್ದರಿಂದ ಈ ಮರೆವು ನನಗೆ ಹೆಚ್ಚು ನೋವು ಕೊಡುತ್ತದೆ.

     

ನಾಲ್ಕು ವಸ್ತುಗಳ ಮಾತು ಮುಗಿಯಿತು. ಈಗ ನಿಮ್ಮಲ್ಲಿ ಕೆಲವರಿಗೆ ಒಂದು ಪ್ರಶ್ನೆ ಎದ್ದಿರಬಹುದು. ಪೂಜೆಯ ವಸ್ತುವನ್ನು ಹೀಗೆ ಪ್ರದರ್ಶನಕ್ಕಿಡುವುದು ಸರಿಯೇ? ಹೊರದೇಶದವರ ಮುಂದೆ ನಮ್ಮ ಸಗಣಿ, ಕೂದಲು ತೋರಿಸಿ ಹೆಸರು ಮಾಡಿದಂತಾಗಲಿಲ್ಲವೇ?

ಇದು ನ್ಯಾಯವಾದ ಪ್ರಶ್ನೆ. ನಮ್ಮ ಆಚರಣೆಗಳನ್ನು ವಿಚಿತ್ರವೆಂಬಂತೆ ಮಾರುವ ಕಲೆಯೂ ಲೋಕದಲ್ಲಿದೆ. ಅದು ನನಗೂ ಹಿಡಿಸುವುದಿಲ್ಲ. ಆದರೆ ಶೀಲಾ ಗೌಡರ ಕೃತಿಗಳಲ್ಲಿ ಗೇಲಿ ಇಲ್ಲ, ಪ್ರಚಾರವೂ ಇಲ್ಲ. ಅವರು ಗರ್ಭಗುಡಿಯಿಂದ ಏನನ್ನೂ ಎತ್ತಿ ತಂದಿಲ್ಲ. ಅವರು ಕೊಂಡದ್ದು ಪೇಟೆಯಲ್ಲಿ. ಕುಂಕುಮ ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ. ಕೂದಲ ಹಗ್ಗ ವಾಹನಗಳ ಸಾಮಾನಿನ ಅಂಗಡಿಯಲ್ಲಿ ನೇತಾಡುತ್ತದೆ. ಹರಕೆಯ ಕೂದಲನ್ನು ಪೇಟೆಗೆ ಕಳಿಸಿದವರು ಕಲಾವಿದರಲ್ಲ, ನಾವೇ. ಅವರು ಆ ದಾರಿಯಲ್ಲಿ ಹಿಂದಕ್ಕೆ ನಡೆದುಹೋಗಿ, ಯಾರ ಯಾರ ಕೈ ದಾಟಿ ಬಂತು ಎಂದು ಕೇಳಿದರು. ಇದನ್ನು ನಾನು ಅಗೌರವ ಎನ್ನಲಾರೆ. ಭಕ್ತಿಗೆ ಎಷ್ಟು ಜನರ ಋಣವಿದೆ ಎಂದು ತಿಳಿಯುವುದು ಭಕ್ತಿಯನ್ನು ಕಡಿಮೆ ಮಾಡುವುದಿಲ್ಲ.

ಕೊನೆಯದಾಗಿ ಇನ್ನೊಂದು ಕೃತಿ. 2011ರಲ್ಲಿ ಲಂಡನ್ನಿನಲ್ಲಿ ತೋರಿಸಿದ್ದು. ಹೆಸರು ‘ಆಫ್ ಆಲ್ ಪೀಪಲ್’. ಕೆಡವಿದ ಮನೆಗಳ ಬಾಗಿಲು, ಕಿಟಕಿ, ಕಂಬಗಳಂಥ ಮರಮುಟ್ಟು ಅದರಲ್ಲಿದೆ. ಅವುಗಳ ಮೇಲೆ, ಸುತ್ತ, ನೆಲದಲ್ಲಿ ಸಾವಿರಾರು ಪುಟ್ಟ ಮರದ ಬೊಂಬೆಗಳು. ಹರಕೆಗೆಂದು ಮಾಡುವ ಬೊಂಬೆಗಳು ಅವು. ಬೆರಳುದ್ದದ ಚಕ್ಕೆಗೆ ನಾಲ್ಕೈದು ಏಟು ಹಾಕಿ ತಲೆ, ಭುಜ, ಸೊಂಟ ಎಂದು ತೋರುವಷ್ಟೇ ಕೆತ್ತಿದ್ದಾರೆ. ಮುಖ ಸರಿಯಾಗಿ ಮೂಡಿಲ್ಲ. ಬಿರುಸಾಗಿ ಕೆತ್ತುತ್ತಾ ಹೋದವರ ಕೈಯ ಓಟ ಆ ಏಟುಗಳಲ್ಲೇ ತಿಳಿಯುತ್ತದೆ. ಯಾರದೋ ಬೇಡಿಕೆಗೆ ಒಂದು ಬೊಂಬೆ. ಅದನ್ನು ಒಂದೊಂದಾಗಿ ನೋಡಿದರೆ ಚಕ್ಕೆ. ಒಟ್ಟಾಗಿ ನೋಡಿದರೆ ಜಾತ್ರೆಯ ಜನ. ದೂರದಿಂದ ನೋಡುವಾಗ ಬಣ್ಣ ಬಳಿದ ಹಳೆಯ ಮರ ಮಾತ್ರ ಕಾಣುತ್ತದೆ. ಹತ್ತಿರ ಹೋಗಿ ಬಗ್ಗಿದಾಗಲೇ ಜನ ಕಾಣುವುದು.

2019ರಲ್ಲಿ ಅವರಿಗೆ ಮಾರಿಯಾ ಲಾಸ್‌ನಿಗ್ ಪ್ರಶಸ್ತಿ ಬಂತು. ಅದೇ ವರ್ಷ ಮಿಲಾನ್ ನಗರದಲ್ಲಿ, ಮರುವರ್ಷ ಮ್ಯೂನಿಕ್‌ನಲ್ಲಿ ಅವರ ದೊಡ್ಡ ಪ್ರದರ್ಶನಗಳಾದವು. ಹೊರದೇಶಗಳಲ್ಲಿ ಅವರ ಬಗ್ಗೆ ದೊಡ್ಡ ಪುಸ್ತಕಗಳು ಬಂದಿವೆ. ಭದ್ರಾವತಿಯಲ್ಲಿ ಹುಟ್ಟಿದ ಈ ಕಲಾವಿದೆಯ ಬಗ್ಗೆ ಕನ್ನಡದಲ್ಲೂ ಅಂಥ ದೊಡ್ಡ ಪುಸ್ತಕ ಬರಬೇಕು ಎಂಬುದು ನನ್ನ ಆಸೆ. ಬರೆಯುವವರು ಕಲಾಶಾಲೆಯ ಗ್ರಂಥಾಲಯಕ್ಕೆ ಹೋಗಲಿ. ಜೊತೆಗೆ ಊದುಬತ್ತಿ ಹೊಸೆದ ಅಮ್ಮಂದಿರ ಹತ್ತಿರ ಹೋಗಿ ಕೂರಲಿ. ಕೂದಲ ಹಗ್ಗ ಹೊಸೆಯುವವರನ್ನು, ಮುಡಿ ತೆಗೆಯುವವರನ್ನು, ಬೆರಣಿ ತಟ್ಟುವವರನ್ನು ಮಾತಾಡಿಸಲಿ. ಈ ಕೃತಿಗಳ ಬಗ್ಗೆ ಆ ಜನ ಏನು ಹೇಳುತ್ತಾರೋ ಅದನ್ನು ಪುಸ್ತಕದ ಮೊದಲ ಅಧ್ಯಾಯದಲ್ಲೇ ಹಾಕಬೇಕು.